ಮೇಲಿನ ಸಾಲು

ಗೋದಾಮಿನ ತಗಡಿನ ಬಾಗಿಲು ಸರಿಸಿದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಹೊಸ ಹುಡುಗಿ. ವಾದ್ಯಗೋಷ್ಠಿಯ ಯಜಮಾನ ಹಾಡಲೆಂದು ಆ ಹುಡುಗಿಗೆ ಹೇಳಿ ಕಳಿಸಿದ್ದ. ಮೈಕಿನ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

"ಬಾರಮ್ಮ ಗುಡುಗಮ್ಮ," ಎಂದ ಡ್ರಮ್ಮಿನವನು. "ಗುಡುಗು ಉಳಿದಿದ್ಯೋ, ಬರೀ ಮೋಡವೋ?"

ಅವಳು ನಗಲಿಲ್ಲ. ಜನರನ್ನು ಕುಣಿಸುವ ಹಾಡಿನಿಂದಲೇ ಇಷ್ಟು ವರ್ಷ ಅನ್ನ ತಿಂದವಳು. ವರ್ಷದಿಂದೀಚೆಗೆ ಗಂಟಲು ಕೈಕೊಟ್ಟಿತ್ತು. ಸ್ವರ ತಾರಕಕ್ಕೇರುವ ಮೇಲಿನ ಸಾಲನ್ನು ಒಂದು ಸಲ ಹಾಡಿದರೆ ಮುಗಿಯಿತು, ಎರಡನೆಯ ಸಲಕ್ಕೆ ಬರೀ ಗಾಳಿ. "ಹೀಗೇ ಕಿರುಚಿದ್ರೆ ಹಾಡಿರಲಿ, ಮಾತಿಗೂ ಸಂಚಕಾರ," ಎಂದಿದ್ದರು ಡಾಕ್ಟರು. ಇವತ್ತಿನ ತಾಲೀಮಿನಲ್ಲಿ ಆ ಸಾಲು ಬಾರದಿದ್ದರೆ ಶನಿವಾರದ ಕಾರ್ಯಕ್ರಮದ ಮೈಕು ಹುಡುಗಿಯ ಪಾಲು.

ಬೇರೆ ದಾರಿ ಕಾಣದೆ ಅವಳು ಸೋದರತ್ತೆಯ ಮನೆ ಹೊಕ್ಕಿದ್ದಳು. ಶಾಸ್ತ್ರೀಯ ಸಂಗೀತ ಕಲಿಸುತ್ತಲೇ ತಲೆ ನರೆತ ಹೆಂಗಸು. ಅಣ್ಣನ ಮಗಳ ಹಾಡಿಗೆ ಮೂಗು ಮುರಿದವಳು.

"ನನಗೆ ರಾಗಗೀಗ ಬೇಡತ್ತೆ. ಗಂಟಲು ಉಳಿಸಿಕೊಡು ಸಾಕು."

"ರಾಗ ಯಾರು ಕೊಡ್ತಾರೆ ನಿನಗೆ? ಷಡ್ಜ ಹಿಡಿ. ಮೆಲ್ಲಗೆ."

ತಿಂಗಳುಗಟ್ಟಲೆ ಅದೊಂದೇ. ಸ್ವರ ಏರುವಾಗ ಅತ್ತೆ ಹೆಬ್ಬೆರಳನ್ನು ಅವಳ ಗದ್ದದ ಕೆಳಗೆ ಒತ್ತಿ ನೋಡುತ್ತಿದ್ದಳು. "ಗಂಟಲು ಕಲ್ಲಾಯ್ತು! ಏರು ಬಂದಾಗ ಗಾಡಿಯ ಎತ್ತು ಮೋರೆ ಮೇಲೆ ಮಾಡಿ ಎಳೆಯುತ್ತಾ? ತಲೆ ತಗ್ಗಿಸಿ ಹಿಂಗಾಲು ಊರುತ್ತೆ. ನೀನೂ ಹೊಟ್ಟೆಯಿಂದ ತಳ್ಳು, ಕೊರಳನ್ನ ಬಿಡು."

ಇದರಿಂದ ತನ್ನ ಹಾಡು ಉಪ್ಪಿಲ್ಲದ ಅಡುಗೆಯಾದೀತೆಂಬ ಭಯ ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಗೋದಾಮಿನಲ್ಲಿ ಈಗ ಹಾಡು ಶುರುವಾಯಿತು. ಡ್ರಮ್ಮು ಎದೆಗೇ ಗುದ್ದುತ್ತಿತ್ತು. ಮೇಲಿನ ಸಾಲು ಹತ್ತಿರ ಬಂದಂತೆ ಹಿಮ್ಮಡಿ ತಾನಾಗಿ ನೆಲ ಬಿಟ್ಟಿತು, ಗದ್ದ ಮೇಲೆದ್ದಿತು. ಹಳೆಯ ಚಾಳಿ. ಗದ್ದದ ಕೆಳಗೆ ಹೆಬ್ಬೆರಳಿಟ್ಟು ನೋಡಿಕೊಂಡಳು. ಕಲ್ಲೇ. ಹಾಡು ನಿಲ್ಲಿಸಿಬಿಟ್ಟಳು.

"ಹಲ್ಲುನೋವಾ ಅಕ್ಕ?" ಹುಡುಗಿ ಕಿಸಕ್ಕೆಂದಳು.

"ಇನ್ನೊಂದು ಸಲ ನೋಡೋಣ. ಆಮೇಲೆ ನನ್ನ ಕೇಳಬೇಡ," ಎಂದು ಯಜಮಾನ ಗೋದಾಮಿನ ಹಿಂದಿನ ಗೋಡೆಗೆ ಹೋಗಿ ಒರಗಿದ.

ಈ ಸಲ ಹಿಮ್ಮಡಿ ಊರಿದಳು. ಉಸಿರು ಹೊಟ್ಟೆಯಲ್ಲಿ ತುಂಬಿತು. ಸ್ವರ ಏರಿತು. ಆದರೆ ತಲೆಯೊಳಗೆ ಎಂದಿನ ಅಬ್ಬರವಿಲ್ಲ. ಅವಳ ಕಿವಿಗೇ ದನಿ ಸಣ್ಣದೆನಿಸಿತು.

"ಏನೂ ಕೇಳಿಸ್ತಿಲ್ಲ! ಜೋರಾಗಿ!" ಡ್ರಮ್ಮಿನವನು ಕೂಗಿದ.

ಕಿರುಚು, ಕಿರುಚು ಎಂದಿತು ಗಂಟಲು. ಕಣ್ಣು ಮುಚ್ಚಿ ತಡೆದಳು. ಯಜಮಾನ ಕೈ ಎತ್ತಿದ. ಡ್ರಮ್ಮು ನಿಂತಿತು. ದನಿ ನಿಲ್ಲಲಿಲ್ಲ. ಅವಳದೇ ಒರಟು, ಅವಳದೇ ತುಂಟ ಬಳುಕು, ಸಾಲಿನ ಕೊನೆಯವರೆಗೂ ಹಾಗೇ ಹರಿಯಿತು.

"ನನಗಿಲ್ಲಿ ನಿನ್ನ ಡ್ರಮ್ಮಿನ ನಡುವೆಯೂ ಒಂದೊಂದು ಮಾತೂ ಕೇಳಿಸ್ತಲ್ಲೋ," ಎಂದ ಯಜಮಾನ. ಆದರೂ ಅವಳತ್ತ ತಿರುಗಿದ ಮುಖ ಸಡಿಲವಾಗಲಿಲ್ಲ. "ಒಂದು ಸಲ ಮೊದಲೂ ಹಾಡ್ತಿದ್ದೆ. ಮತ್ತೆ ಹಾಡು."

ಅವಳು ಉಗುಳು ನುಂಗಿದಳು, ನೋವಿಲ್ಲ. ಹಾಡಿದಳು. ಸಾಲು ಮೊದಲಿನಷ್ಟೇ ನಿಚ್ಚಳವಾಗಿ ಬಂತು.

"ಶನಿವಾರ ನೀನೇ," ಎಂದ ಯಜಮಾನ, ಮುಂದೆ ಬಂದು ಮೈಕಿನ ವೈರು ಸುತ್ತಲು ಬಗ್ಗುತ್ತ.

"ತಾಳಿ, ಸುತ್ತಬೇಡಿ," ಎಂದಳು. ಡ್ರಮ್ಮಿನವನತ್ತ ತಿರುಗಿದಳು. "ಹೂಂ, ಬಾರಿಸಪ್ಪ. ಈಗ ನಿನ್ನ ತೋಳು ಸೋಲುತ್ತೋ, ನನ್ನ ಗಂಟಲೋ ನೋಡೇಬಿಡೋಣ."