ಮಧ್ಯಾಹ್ನ ಕೇಳದ ದೋಣಿ

ನೀರಿನೊಳಗಿನ ಸದ್ದಿನ ಬಗ್ಗೆ ಓದಿಕೊಂಡವರು ಹೇಳಬೇಕಾದ ಕಥೆಯಿದು. ಅರ್ಧಂಬರ್ಧ ತಿಳಿದು ಹೇಳಹೊರಟದ್ದಕ್ಕೆ ಕ್ಷಮೆಯಿರಲಿ.

"ಕೇಳಿಸಲಿಲ್ಲ ಅಂದ್ರೆ ಕೇಳಿಸಲಿಲ್ಲ ಮೇಡಂ," ಎಂದ ಆಪರೇಟರ್, ಹೆಡ್‌ಫೋನನ್ನು ಮೇಜಿನ ಮೇಲಿಟ್ಟು.

ನಿವೃತ್ತಿಗೆ ಎರಡು ವರ್ಷವಿದ್ದ ಮೇಲ್ವಿಚಾರಕಿ ದಾಖಲೆ ಪುಸ್ತಕದಿಂದ ತಲೆಯೆತ್ತಲಿಲ್ಲ. ಮೀನು ಮೊಟ್ಟೆಯಿಡುವ ತಿಂಗಳಲ್ಲಿ ಕೊಲ್ಲಿಯೊಳಗೆ ದೋಣಿ ಬರಕೂಡದು. ಬಂದರೆ, ನೀರೊಳಗೆ ತೂಗುಬಿಟ್ಟ ಮೈಕಿನಲ್ಲಿ ಎಂಜಿನ್ ಸದ್ದು ಹಿಡಿದು ಬರೆಯುವುದು ಆಪರೇಟರನ ಕೆಲಸ. ಮೊನ್ನೆ ಮಧ್ಯಾಹ್ನ ಮೂರಕ್ಕೆ ಅಲ್ಲೊಂದು ದೋಣಿ ಬಲೆ ಎಳೆದದ್ದನ್ನು ದಡದಲ್ಲಿ ಹತ್ತು ಜನ ಕಂಡಿದ್ದರು. ಪುಸ್ತಕದಲ್ಲಿ ಮಾತ್ರ 'ಸದ್ದಿಲ್ಲ'. ದೋಣಿ ಆಪರೇಟರನ ಭಾವಮೈದುನನದು. ಸಂಜೆಯೊಳಗೆ ಆಕೆ ವರದಿ ಕಳಿಸಬೇಕು. ಸುಳ್ಳು ಬರೆದಿದ್ದಾನೆಂದು ಒಂದು ಸಾಲು ಸೇರಿದರೆ ಇವನ ಕೆಲಸ ಹೋದಂತೆಯೇ.

"ಹತ್ತು ಜನರ ಕಣ್ಣಿಗೆ ಬಿದ್ದದ್ದು ನಿನ್ನ ಕಿವಿಗೆ ಬೀಳಲಿಲ್ಲ. ಹೆಂಡ್ತಿ ತಮ್ಮ ಅಂದ್ರೆ ಕಿವಿಗೂ ದಾಕ್ಷಿಣ್ಯವೇನಪ್ಪಾ?"

"ಹೆಂಡ್ತಿ ಕೂಗಿದ್ದೇ ನಂಗೆ ಕೇಳಲ್ವಂತೆ, ಅವಳ ತಮ್ಮಂದೇನು. ತಮಾಷೆ ಅಲ್ಲ ಮೇಡಂ. ಗಾಳಿ ನಿಂತು ಬಿಸಿಲು ಕಾದ್ರೆ ಮೇಲಿನ ನೀರು ಬಿಸಿ, ಕೆಳಗಿನದು ತಣ್ಣಗೆ. ಸದ್ದು ತಣ್ಣನೆ ಕಡೆ ಬಾಗಿ ತಳಕ್ಕಿಳಿದುಬಿಡುತ್ತೆ. ಮೈಕಿರೋದು ದೂರದಲ್ಲಿ, ಮೇಲುಗಡೆ."

"ಮೊನ್ನೆ ನೀರು ಹಾಗಿತ್ತು ಅನ್ನೋದಕ್ಕೆ ಲೆಕ್ಕ ತೋರಿಸು."

ಆ ಲೆಕ್ಕವಿಡುವುದೂ ಅವನದೇ ಕೆಲಸ. ದಿನಕ್ಕೆರಡು ಸಲ, ನೀರೊಳಗೆ ಚಾಚಿದ ಕಟ್ಟೆಯ ತುದಿಯಿಂದ ಥರ್ಮಾಮೀಟರ್ ಇಳಿಸಿ ಮೇಲಿನ, ಕೆಳಗಿನ ನೀರಿನ ಬಿಸಿ ಬರೆಯಬೇಕು. ಪುಸ್ತಕದಲ್ಲಿ ಬೆಳಗಿನ ಅಂಕಿಯೂ ಮಧ್ಯಾಹ್ನದ ಅಂಕಿಯೂ ಒಂದೇ. ಮೊನ್ನೆಯದಷ್ಟೇ ಅಲ್ಲ, ತಿಂಗಳಿಡೀ.

"ಆ ಬಿಸಿಲಲ್ಲಿ ತುದಿವರೆಗೆ ಯಾರು ಹೋಗ್ತಾರೆ ಅಂತ..."

"ಇದ್ದೊಬ್ಬ ಸಾಕ್ಷಿಯ ಬಾಯಿ ನೀನೇ ಮುಚ್ಚಿದೀಯ," ಎಂದಳಾಕೆ.

ಮೂರು ಗಂಟೆಗೆ ಆಕೆಯೇ ಕಟ್ಟೆಯ ತುದಿಗೆ ಹೋಗಿ ಥರ್ಮಾಮೀಟರ್ ಇಳಿಸಿದಳು. ಮೇಲಕ್ಕೂ ಕೆಳಕ್ಕೂ ಐದು ಡಿಗ್ರಿ ವ್ಯತ್ಯಾಸ. ಬಂದು ಹೆಡ್‌ಫೋನ್ ಹಾಕಿಕೊಂಡು, ಕಾವಲು ದೋಣಿಯನ್ನು ಕೊಲ್ಲಿಗೆ ಕಳಿಸಿದಳು. ಕಿಟಕಿಯಲ್ಲಿ ದೋಣಿ ಹೊಗೆ ಬಿಡುತ್ತ ಸಾಗುವುದು ಕಾಣುತ್ತಿತ್ತು. ಕಿವಿಯಲ್ಲಿ ಸೀಗಡಿಗಳ ಚಟಚಟ ಮಾತ್ರ, ಒಣಎಲೆ ತುಳಿದ ಹಾಗೆ. ವೈರನ್ನು ಕಿತ್ತು ಮತ್ತೆ ಚುಚ್ಚಿದಳು. ಆಪರೇಟರನ ಕೈಗಳನ್ನು ನೋಡಿದಳು. ಅವನು ಅವುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದ.

"ಏನಾದ್ರೂ ಕೇಳ್ತಿದೆಯಾ ಮೇಡಂ?"

ಆಕೆ ಪುಸ್ತಕ ಎಳೆದುಕೊಂಡು, ಅವನ ಅಕ್ಷರದ ಕೆಳಗೆ ತನ್ನ ಅಕ್ಷರದಲ್ಲಿ 'ಸದ್ದಿಲ್ಲ' ಎಂದು ಬರೆದಳು.

ವರದಿಯಲ್ಲಿ ಸುಳ್ಳು ಬರೆದಿದ್ದಾನೆಂಬ ಆ ಒಂದು ಸಾಲು ಸೇರಲಿಲ್ಲ. ಆದರೆ ಮರುದಿನದಿಂದ ಮಧ್ಯಾಹ್ನದ ಥರ್ಮಾಮೀಟರ್ ಹಿಡಿದು ಸುಡುವ ಕಟ್ಟೆಯ ಮೇಲೆ ಆಕೆಯೇ ನಡೆದುಹೋಗತೊಡಗಿದಳು. ಅವನು ಕಿಟಕಿಯಿಂದ ನೋಡುತ್ತಿದ್ದ.

ದೋಣಿ ಬಂದ ಆ ಮಧ್ಯಾಹ್ನದ ನೀರನ್ನು ಯಾರೂ ಅಳೆದಿರಲಿಲ್ಲ. ಅವನಿಗೆ ಕೇಳಿಸಿತ್ತೋ ಇಲ್ಲವೋ, ಗೊತ್ತಿಲ್ಲ.