ನಲಿನಿಯವರು ಮಾಡಿಸಿದ ಶಾಂತ ಕೋಣೆ

ತೆಲುಗು ನಾಡಿನ ಉಪ್ಪಲ್‌ನ ಫಂಕ್ಷನ್ ಹಾಲಿನಲ್ಲಿ ಕನ್ನಡ ಸಂಘದವರು ಯುಗಾದಿ ಮಾಡುವಾಗ ವೇದಿಕೆಯಿಂದ ದೂರದ ಒಂದು ಕೋಣೆಯನ್ನು ಶಾಂತವಾಗಿ ಇಡುತ್ತಿದ್ದರು. ನಲಿನಿಯವರು ಹಟ ಹಿಡಿದು ಮಾಡಿಸಿದ್ದು ಅದು. ಅವರ ಮಗ ನಚಿಕೇತನಿಗೆ ಆಟಿಸಂ. ಮೂವತ್ತು ದಾಟಿದ್ದರೂ ಮೈಕಿನ ಸದ್ದು, ಜನರ ಗದ್ದಲ, ಕಣ್ಣಿಗೆ ಹೊಡೆಯುವ ದೀಪ ಅವನಿಗೆ ತಡೆಯಲಾಗುತ್ತಿರಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಬಹಳ ವರ್ಷ ತಾಯಿ ಮಗ ಯಾರ ಮದುವೆಗೂ, ಹಬ್ಬಕ್ಕೂ ಹೋದವರಲ್ಲ. ಆಮೇಲೆ ಈ ಕೋಣೆ ಬಂತು. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಗಾದಿ, ಒಂದು ಮಂಕು ದೀಪ. ಒಳಗೆ ಯಾರೂ ಫೋನಿನಲ್ಲಿ ಮಾತಾಡುವಂತಿಲ್ಲ, ಊದಿನಕಡ್ಡಿ ಹಚ್ಚುವಂತಿಲ್ಲ. ಗದ್ದಲಕ್ಕೆ ಬೆದರಿದ ಚಿಕ್ಕ ಮಕ್ಕಳೂ ಬಂದು ಸುಧಾರಿಸಿಕೊಂಡು ಹೋಗುತ್ತಿದ್ದರು. ನಚಿಕೇತ ಗೋಡೆಗೊರಗಿ ಕೂತರೆ ನಲಿನಿ ಕಾರ್ಯಕ್ರಮ ಮುಗಿಯುವತನಕ ಅವನ ಪಕ್ಕದಲ್ಲೇ ಇರುತ್ತಿದ್ದರು.

ದೀಪಾವಳಿ ಕಳೆದ ಮೇಲೆ ನಲಿನಿ ಎದೆನೋವಿನಿಂದ ತೀರಿಕೊಂಡರು. ಮನೆತುಂಬ ಜನ, ಅಳು. ಇದು ನಚಿಕೇತನ ಕೈಲಾಗದು ಎಂದು ಹಿರಿಯರು ಹೇಳಿದರು. ಅಕ್ಕ ಉಷಾ ಅವನನ್ನು ಪಕ್ಕದ ಬೀದಿಯ ಸುಗಲಮ್ಮನ ಮನೆಗೆ ಬಿಟ್ಟು ಬಂದಳು. ಸಂಜೆ ಕರೆತರುವಾಗ ಅಂತ್ಯಕ್ರಿಯೆಯೆಲ್ಲ ಮುಗಿದಿತ್ತು. "ಅವ್ವ ಊರಿಗೆ ಹೋಗ್ಯಾಳಪ್ಪ" ಎಂದು ಒಬ್ಬ ಸೋದರತ್ತೆ ಅವನಿಗೆ ಹೇಳಿದಳು. ಉಷಾ ಅದನ್ನು ತಿದ್ದಲಿಲ್ಲ. ಅವನೂ ಏನನ್ನೂ ಕೇಳಲಿಲ್ಲ. ಹೆಚ್ಚು ತಿಳಿದಿಲ್ಲ, ಒಳ್ಳೆಯದೇ ಆಯಿತು ಎಂದು ಎಲ್ಲರೂ ಅಂದುಕೊಂಡರು.

ಯುಗಾದಿ ಬಂತು. ಸಂಘದ ಕಾರ್ಯದರ್ಶಿ ಅಮರೇಶಪ್ಪ ಫೋನ್ ಮಾಡಿದರು. "ಕೋಣಿ ಹಂಗ ತಯಾರ ಮಾಡೇವ್ರಿ. ನಚಿಕೇತನ್ನ ಕರಕೊಂಡು ಬರ್ರಿ."

ಆ ಬೆಳಿಗ್ಗೆ ನಚಿಕೇತ ತಾನೇ ಇಸ್ತ್ರಿ ಅಂಗಿ ತೊಟ್ಟು ಬಾಗಿಲ ಬಳಿ ನಿಂತಿದ್ದ. ಹಾಲಿನಲ್ಲಿ ಜನರ ನಡುವೆ ಎಲ್ಲೂ ತಡೆಯದೆ ನೇರವಾಗಿ ಕೋಣೆಗೆ ನಡೆದ. ಗೋಡೆಗೊರಗಿ ಕೂತು ಪಕ್ಕದ ಗಾದಿಯ ಮೇಲೆ ಅಂಗೈ ಇಟ್ಟ. ಉಷಾ ಅಲ್ಲಿ ಕೂರಲು ಹೋದಾಗ ತಲೆಯಾಡಿಸಿದ.

"ಅಲ್ಲೆ ಬ್ಯಾಡ. ಅವ್ವ ಕೂಡ್ತಾಳ."

ಉಷಾ ಹಿಂದೆ ಸರಿದು ನಿಂತಳು. ಇಷ್ಟು ತಿಂಗಳು ಅವನು ಕಾದಿದ್ದು ಈ ದಿನಕ್ಕಾಗಿ. ಎಲ್ಲಿಗೆ ಹೋಗಿದ್ದರೂ ಅವ್ವ ಇಲ್ಲಿಗೆ ಬಂದೇ ಬರುತ್ತಾಳೆಂದು ನಂಬಿದ್ದ.

ಭಾಷಣ, ಹಾಡು, ಊಟ ಎಲ್ಲ ಮುಗಿಯಿತು. ಅವನು ಅಲುಗಲಿಲ್ಲ.

"ಏಳು ನಚಿ, ಮನಿಗೆ ಹೋಗೂಣು."

"ಅವ್ವ ಬಂದಿಲ್ಲ."

ಉಷಾ ಅವನ ಎದುರಿಗೆ ಕೂತಳು. "ಅವ್ವ ಬರೂದಿಲ್ಲ ನಚಿ. ಅವ್ವ ಸತ್ತುಹೋದ್ಲು. ಊರಿಗೆ ಹೋಗಿಲ್ಲ. ನಿನಗ ಸುಳ್ಳು ಹೇಳಿದ್ವಿ."

ಅವನು ಪಕ್ಕದ ಗಾದಿಯ ಮೇಲಿಂದ ಕೈ ತೆಗೆದ. "ನಾ ಎಲ್ಲಿದ್ದೆ?"

"ಸುಗಲಮ್ಮನ ಮನ್ಯಾಗ."

"ಯಾಕ?"

"ಮನ್ಯಾಗ ಭಾಳ ಗದ್ದಲ ಇತ್ತು. ನಿನಗ ತ್ರಾಸ ಆಗತೈತಂತ."

ಅವನ ಗಂಟಲಿನಿಂದ ಉಷಾ ಎಂದೂ ಕೇಳಿರದ ದನಿಯೊಂದು ಹೊರಟಿತು. ತಲೆ ಹಿಂದಕ್ಕೆ ಹೋಗಿ ಗೋಡೆಗೆ ಬಡಿಯಿತು. ಅವಳು ತನ್ನ ಕೈಯನ್ನು ನಡುವೆ ಇಟ್ಟಳು. ಬೆರಳಿನ ಗಿಣ್ಣು ತರಚಿದರೂ ತೆಗೆಯಲಿಲ್ಲ. ಬೀಗ ಹಾಕಲು ಬಂದ ಅಮರೇಶಪ್ಪ ಬಾಗಿಲಲ್ಲಿ ನಿಂತರು, ಒಳಗೆ ನೋಡಿದರು. ಹೊರಗೆ ಕುರ್ಚಿ ಎಳೆಯುತ್ತಿದ್ದವರಿಗೆ ತೆಲುಗಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಎಂದರು.

"ಕೂಡ್ರಿ ಉಷಾ," ಎಂದರು ತಗ್ಗಿದ ದನಿಯಲ್ಲಿ. "ಯಾರೂ ಬರಂಗಿಲ್ಲ."

ಮರುದಿನ ಉಷಾ ಕಚೇರಿಗೆ ರಜೆ ಹಾಕಿ ತಮ್ಮನನ್ನು ಸ್ಮಶಾನಕ್ಕೆ ಕರೆದೊಯ್ದಳು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ.

"ಇಲ್ಲೆ?" ಎಂದ.

"ಇಲ್ಲೆ."

ಬಿಸಿಲು ಏರುವತನಕ ಇಬ್ಬರೂ ಅಲ್ಲಿಯೇ ನಿಂತಿದ್ದರು.