ಬಲಸುತ್ತಿನ ಕಾರು

ನನ್ನ ಅಣ್ಣ ವಿಕ್ರಮ ಅಫಜಲಪುರದ ಕೋರ್ಟಿನಲ್ಲಿ ವಕೀಲ. ಅಕ್ಕ ಪ್ರಮಿಲಾಳ ಗಂಡ ಗೋವಿಂದ ಮಾಮಾ ಅದೇ ಊರಿನ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಾರೆ. ನಲವತ್ತು ದಾಟಿದ ಮೇಲೆ ಇಬ್ಬರಿಗೂ ರೇಸಿನ ಹುಚ್ಚು ಹಿಡಿಯಿತು. ಹಳೆಯದೊಂದು ಪೆಟ್ರೋಲ್ ಕಾರು ತಂದರು, ಬಾಗಿಲಿಗೆ ದೊಡ್ಡ ನಂಬರು ಬರೆಸಿದರು, ಊರ ತುಂಬ ಮೆರೆದರು. ಜೋರಾಗಿ ಓಡಿಸುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ. ಆಗ ಆಳಂದದಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡಿರುವ ನನ್ನ ನೆನಪಾಯಿತು. ಜೇವರ್ಗಿಯ ಮಣ್ಣಿನ ರೇಸಿಗೆ ಅಮಿತಾಳೇ ಡ್ರೈವರ್ ಎಂದರು. ಆ ಸೀಟು ನನಗೆ ಬೇಕೇ ಬೇಕಾಗಿತ್ತು. ವಾರವೆಲ್ಲ ಜನರ ಬಾಯೊಳಗೆ ಇಣುಕುತ್ತ ಭಾನುವಾರಕ್ಕಾಗಿ ಜೀವ ಹಿಡಿದುಕೊಂಡಿರುತ್ತಿದ್ದೆ.

ತಾಲೀಮು ಅಣ್ಣನ ಹೊಲದಲ್ಲಿ. ತೊಗರಿ ರಾಶಿ ಮುಗಿದು ನೆಲ ಖಾಲಿಯಾಗಿತ್ತು. ನಡುವೆ ಬೇವಿನ ಗಿಡದ ಕೆಳಗೆ ಹಣಮಪ್ಪನ ಕಟ್ಟೆ, ಅದರ ಸುತ್ತ ನಮ್ಮ ಓಟ. ದೇವರನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಚಳಿಗಾಲ ಮುಗಿಯುವವರೆಗೂ ಆ ಕಾರು ಬಲಕ್ಕೇ ತಿರುಗಿತು. ರೇಸಿಗೆ ತಾಲೀಮೋ ಹರಕೆಯ ಪ್ರದಕ್ಷಿಣೆಯೋ ಎಂದು ದಾರಿಹೋಕರಿಗೆ ಅನುಮಾನ ಬಂದಿರಬೇಕು.

ಒಂದು ಭಾನುವಾರ ತಾಲೀಮು ಮುಗಿಸಿ, ಅದೇ ಹುರುಪಿನಲ್ಲಿ ಘತ್ತರಗಿ ರಸ್ತೆಗೆ ಎಡಕ್ಕೆ ಜೋರಾಗಿ ತಿರುಗಿಸಿದೆ. ಎಂಜಿನ್ ಬಿಕ್ಕಿತು. ನನಗೆ ತಕ್ಷಣ ಗೊತ್ತಾಯಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಹೀರುವ ಪೈಪಿನ ಬಾಯಿ ಎಡ ಮೂಲೆಯಲ್ಲಿದೆ. ಬಲಕ್ಕೆ ತಿರುಗಿದರೆ ಪೆಟ್ರೋಲ್ ಎಡಕ್ಕೆ ನುಗ್ಗಿ ಪೈಪು ಮುಳುಗಿರುತ್ತದೆ. ಎಡಕ್ಕೆ ತಿರುಗಿದರೆ ಪೆಟ್ರೋಲೆಲ್ಲ ಬಲಕ್ಕೆ ಹೋಗಿ ಪೈಪು ಬರೀ ಗಾಳಿ ಕುಡಿಯುತ್ತದೆ. ಕಾರು ಹಗುರ ಇರಲಿ ಎಂದು ಇವರು ಹಾಕುತ್ತಿದ್ದದ್ದೇ ತಳ ಮುಚ್ಚುವಷ್ಟು ಪೆಟ್ರೋಲು.

"ಮಾಮಾ, ಎಡಕ್ಕ ತಿರುಗಿದ್ರ ಎಂಜಿನ್‌ಗಿ ಪೆಟ್ರೋಲ್ ಸಿಗವಲ್ದು. ಪೆಟ್ರೋಲ್ ಸರಿಯದಂಗ ಟ್ಯಾಂಕಿನ್ಯಾಗ ಅಡ್ಡ ತಗಡು ಹಾಕಸ್ರಿ. ಇಲ್ಲಂದ್ರ ಪೂರಾ ತುಂಬಸ್ರಿ."

"ತುಂಬಿಸಿದ್ರ ಭಾರ ಆಗ್ತದ," ಎಂದ ಅಣ್ಣ.

"ಫಿಜಿಕ್ಸ್ ನನಗ ಹೇಳಾಕತ್ತೀ ಏನ್ ಬೇ?" ಎಂದರು ಮಾಮಾ. "ಇಷ್ಟು ದಿನ ಸುತ್ತೀವಿ, ಒಮ್ಮ್ಯಾರ ನಿಂತದೇನು? ಕಸ ಸಿಕ್ಕಿರಬೇಕು." ಫಿಲ್ಟರ್ ಬದಲಿಸಿ ಕೈ ಒರೆಸಿಕೊಂಡರು. ತಿರುಗುವ ಬಕೆಟ್ಟಿನಲ್ಲಿ ನೀರು ಯಾವ ಕಡೆ ಸರಿಯುತ್ತದೆಂದು ವರ್ಷವರ್ಷವೂ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಮನುಷ್ಯ ಇವರು. ಆ ವಿದ್ಯೆಯನ್ನು ಕಾಲೇಜಿನಲ್ಲೇ ಬೀಗ ಹಾಕಿ ಇಟ್ಟು ಬರುತ್ತಾರೆಂದು ಕಾಣುತ್ತದೆ.

ಮಾತಿನಿಂದ ಆಗುವ ಕೆಲಸವಲ್ಲ ಎಂದುಕೊಂಡು ಮುಂದಿನ ಭಾನುವಾರ ಅವರ ಕಣ್ಣೆದುರೇ ಕಾರನ್ನು ಉಲ್ಟಾ ತಿರುಗಿಸಿದೆ. ಕಟ್ಟೆಯನ್ನು ಎಡಕ್ಕೆ ಇಟ್ಟುಕೊಂಡು ಜೋರಾಗಿ ಒಂದು ಸುತ್ತು. ಎರಡನೆಯ ಸುತ್ತಿನಲ್ಲಿ, ಸರಿಯಾಗಿ ಹಣಮಪ್ಪನ ಮುಂದೆ, ಎಂಜಿನ್ ಸತ್ತಿತು. ಇನ್ನು ಒಪ್ಪದೆ ಎಲ್ಲಿಗೆ ಹೋಗುತ್ತಾರೆ ಎಂದು ನಗುತ್ತ ಕೆಳಗಿಳಿದೆ.

ಅಣ್ಣ ಚಪ್ಪಲಿ ಬಿಟ್ಟು ಓಡಿಬಂದ. ನನ್ನ ಕಡೆ ನೋಡದೆ ಕಟ್ಟೆಗೆ ಹಣೆ ಹಚ್ಚಿದ.

"ದೇವರಿಗಿ ಉಲ್ಟಾ ಸುತ್ತಿದಿ. ಕಾರ್ ನಿಲ್ಲಲಾರ್ದ ಏನ್ ಮಾಡ್ತದ?"

"ದೇವರಲ್ಲ ಅಣ್ಣಾ, ಟ್ಯಾಂಕ್. ಇದನ್ನೇ ನಾ ಹೇಳಾಕತ್ತಿದ್ದೆ."

"ಎಲ್ಲಾದಕ್ಕೂ ಸೈನ್ಸ್ ನಡೆಯಂಗಿಲ್ಲ ಅಮಿತಾ," ಎಂದರು ಮಾಮಾ ಗಂಭೀರವಾಗಿ. ಫಿಜಿಕ್ಸ್ ಲೆಕ್ಚರರ್ ಬಾಯಿಂದ ಬಂದ ಮಾತು ಇದು. ನಾನು ಕಿತ್ತೆಸೆದ ಹುಳುಕು ಹಲ್ಲುಗಳಿಗೆ ಇದಕ್ಕಿಂತ ಹೆಚ್ಚು ಬುದ್ಧಿ ಇತ್ತು.

ಕಾಯಿ ಒಡೆದರು. ಕಾರಿಗೆ ದೋಷ ತಂದವಳು ಎಂದು ನನ್ನನ್ನು ಎರಡನೇ ಡ್ರೈವರ್ ಮಾಡಿ, ಅಣ್ಣನೇ ಓಡಿಸುವುದೆಂದು ತೀರ್ಮಾನಿಸಿದರು. ಆಳಂದ ಮುಟ್ಟುವವರೆಗೂ ಸಿಟ್ಟಿನಿಂದ ಅತ್ತೆ.

ಜೇವರ್ಗಿಯ ಮೈದಾನದ ನಡುವೆ ಯಾವ ದೇವರೂ ಇರಲಿಲ್ಲ, ಒಂದು ನೀರಿನ ಟ್ಯಾಂಕರ್ ಇತ್ತು. ಅದನ್ನು ಎಡಕ್ಕೆ ಇಟ್ಟುಕೊಂಡು ಸುತ್ತಬೇಕೆಂದು ಬಾಣದ ಗುರುತು ಹಾಕಿದ್ದರು. ಒಂದು ಕಾರಿಗೆ ಎರಡು ಅವಕಾಶ, ಎರಡರಲ್ಲಿ ಒಳ್ಳೆಯದೇ ಲೆಕ್ಕಕ್ಕೆ. ಅಣ್ಣ ಹೊಸ ಕೈಗವಸು ತೊಟ್ಟು, ಮೀಸೆ ತಿರುವಿ, ಜನರ ಮುಂದೆ ಇಲ್ಲದ ಧೈರ್ಯ ತಂದುಕೊಂಡು ಜೋರಾಗಿ ಹೊರಟ. ಮೊದಲ ತಿರುವಿನಲ್ಲೇ ಎಂಜಿನ್ ನಿಂತಿತು. ಮತ್ತೆ ಚಾಲು ಮಾಡಿದ, ಮುಂದಿನ ತಿರುವಿನಲ್ಲಿ ಮತ್ತೆ ನಿಂತಿತು. "ವಕೀಲ್ ಸಾಹೇಬ್ರು ತಾರೀಖ್ ತೊಗೊಂಡ್ರು ನೋಡ್ರಿ," ಎಂದು ಮೈಕಿನವನು ಹೇಳಿದ. ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ.

ಕಾರನ್ನು ನಾಲ್ಕು ಜನ ನೂಕಿಕೊಂಡು ಬಂದರು. ಅಣ್ಣ ಕೀಲಿಯನ್ನು ನನ್ನ ಕಡೆ ಎಸೆದ.

"ಅವತ್ತು ನೀ ಮಾಡಿದ್ದು ಇನ್ನಾ ಕಾಡಾಕತ್ತದ. ನಿನ್ನ ಪಾಪ ನೀನೇ ತೊಳ್ಕೋ."

ಅವನ ಜೊತೆ ವಾದ ಮಾಡುವ ಹೊತ್ತಲ್ಲ ಅದು. ಕ್ಯಾನು ಎತ್ತಿ ಟ್ಯಾಂಕಿನ ಕುತ್ತಿಗೆವರೆಗೆ ಪೆಟ್ರೋಲ್ ಸುರಿದೆ. ಭಾರ, ಭಾರ ಎಂದು ಮಾಮಾ ಗೊಣಗುತ್ತಲೇ ಇದ್ದರು. ಕಾರು ಭಾರವೇ ಆಗಿತ್ತು, ಸುಳ್ಳೇಕೆ ಹೇಳಲಿ, ಹಿಂದಿನ ಭಾಗ ಎಳೆಯುತ್ತಿತ್ತು. ಆದರೆ ಒಂದು ತಿರುವಿನಲ್ಲೂ ಎಂಜಿನ್ ಬಿಕ್ಕಲಿಲ್ಲ. ಮೂರನೆಯ ಸ್ಥಾನ ಬಂತು. ಖುಷಿಗೆ ಹಾರ್ನ್ ಬಾರಿಸುತ್ತಲೇ ಬಂದು ಅವರ ಮುಂದೆ ನಿಲ್ಲಿಸಿದೆ.

ಅಣ್ಣ ಕಣ್ಣಲ್ಲಿ ನೀರು ತಂದುಕೊಂಡು ಅಫಜಲಪುರದ ದಿಕ್ಕಿಗೆ ಕೈ ಮುಗಿದ. "ಹಣಮಪ್ಪ ಮಾಫ್ ಮಾಡ್ಯಾನ."

"ದೋಷ ಕಳೀತು," ಎಂದರು ಮಾಮಾ. "ಮುಂದಿನ ಸಲ ನಿಮ್ಮಣ್ಣನೇ ಓಡಸ್ಲಿ."

ನಾನು ಬಾಗಿಲು ಎಳೆದುಕೊಂಡು ಮತ್ತೆ ಎಂಜಿನ್ ಚಾಲು ಮಾಡಿದೆ.

"ಎಲ್ಲಿಗಿ ಹೊಂಟಿ ಬೇ?"

"ಆಳಂದಕ್ಕರಿ ಮಾಮಾ. ಟ್ಯಾಂಕಿಗಿ ತಗಡು ಹಾಕಸ್ತೇನಿ. ಇನ್ನ ಈ ಕಾರ್ ನನ್ನ ಮನಿ ಮುಂದ ಇರ್ತದ, ಓಡಸಾಕಿ ನಾನೇ. ನೀವಿಬ್ರೂ ಬಸ್ಸಿಗಿ ಹೋಗ್ರಿ."